ಹಳೇ ಫೋನ್ ಕೈಬಿಡುವ ಮುಂಚೆ

ಚಿ. ಮೇಘನಾಗೆ ದೊಡ್ಡಪ್ಪನ ಆಶೀರ್ವಾದಗಳು.

ಈಗಿರೋ ಆಂಡ್ರಾಯ್ಡ್ ಫೋನ್ ಕೊಟ್ಟು ಹೊಸದು ತಗೋಬೇಕು, ಐಫೋನೋ ಆಂಡ್ರಾಯ್ಡೋ ಅಂತ ಉದ್ದಕ್ಕೆ ಬರೆದಿದ್ದೀಯ. ಅದು ಹಾಗಿರಲಿ. ಕೊನೆಗೆ ಒಂದು ಸಾಲು ಬರೆದೆಯಲ್ಲ, ವಾಟ್ಸಾಪಿನಲ್ಲಿರೋ ಅಜ್ಜಿಯ ವಾಯ್ಸ್ ಮೆಸೇಜುಗಳು ಹೋಗಿಬಿಟ್ಟರೆ ಅಂತ, ಅದು ತಲೆ ಕೊರೀತಾ ಇದೆ. ಹೋಗಬಹುದು ಕಣಮ್ಮಾ. ಅವಸರ ಮಾಡಿದರೆ ಖಂಡಿತ ಹೋಗುತ್ತೆ.

ಆನ್‌ಲೈನಿನಲ್ಲಿ ಎಕ್ಸ್‌ಚೇಂಜ್ ಹಾಕ್ತೀನಿ ಅಂದಿದ್ದೀಯ. ನನಗೆ ಭಯ ಅಲ್ಲೇ. ಹೊಸ ಫೋನ್ ತಂದ ಹುಡುಗ ಬಾಗಿಲಲ್ಲೇ ನಿಂತು ಹಳೇದನ್ನ ರೀಸೆಟ್ ಮಾಡಿಸಿ ತಗೊಂಡು ಹೋಗ್ತಾನೆ. ವಾಟ್ಸಾಪ್ ಆಂಡ್ರಾಯ್ಡಿನಿಂದ ಐಫೋನಿಗೆ ದಾಟಬೇಕಾದರೆ ಎರಡೂ ಫೋನ್ ನಿನ್ನ ಕೈಲೇ ಇರಬೇಕು. ಆ ರಿಯಾಯಿತಿ ಆಸೆ ಬಿಟ್ಟುಬಿಡು.

ಬ್ಯಾಕಪ್ ಇದೆಯಲ್ಲ ಅಂತೀಯ. ಆಂಡ್ರಾಯ್ಡಿನ ವಾಟ್ಸಾಪ್ ಬ್ಯಾಕಪ್ ಗೂಗಲ್ ಖಾತೆಗೆ ಹೋಗುತ್ತೆ, ಐಫೋನಿನದು ಆಪಲ್‌ನ ಐಕ್ಲೌಡಿಗೆ. ಅಲ್ಲಿಯದು ಇಲ್ಲಿಗೆ ಇಳಿಯಲ್ಲ. ಗೂಗಲ್ ಪುಕ್ಕಟೆ ಕೊಡೋದು 15 ಜಿಬಿ, ಜಿಮೇಲ್, ಫೋಟೊ, ವಾಟ್ಸಾಪ್ ಎಲ್ಲಾ ಸೇರಿ. ಐಕ್ಲೌಡಿನಲ್ಲಿ 5. ತುಂಬಿತು ಅಂದರೆ ಬ್ಯಾಕಪ್ ನಿಂತುಹೋಗಿರುತ್ತೆ, ನಾವು ಗಮನಿಸಿರಲ್ಲ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ಅದರೊಳಗೆ ಚಾಟ್ ಬ್ಯಾಕಪ್; ಕೊನೇ ತಾರೀಕು ಯಾವುದು ಅಂತ ಇವತ್ತೇ ನೋಡು.

ಅಜ್ಜಿಯ ದನಿಗೆ ಬ್ಯಾಕಪ್ ಒಂದನ್ನೇ ನೆಚ್ಚಬೇಡ. ಅವರ ಚಾಟ್ ತೆರೆದು ಮೂರು ಚುಕ್ಕಿ, ಮೋರ್, ಎಕ್ಸ್‌ಪೋರ್ಟ್ ಚಾಟ್, ಇನ್‌ಕ್ಲೂಡ್ ಮೀಡಿಯಾ. ಡೌನ್‌ಲೋಡ್ ಬಾಣ ಇನ್ನೂ ಕಾಣೋ ಮೆಸೇಜ್ ಇದ್ದರೆ ಮೊದಲು ಇಳಿಸಿಕೋ. ಮೀಡಿಯಾ ಸೇರಿಸಿದರೆ ಇತ್ತೀಚಿನ 10,000 ಮೆಸೇಜ್ ಮಾತ್ರ ಬರುತ್ತೆ. ಹಳೇವು ಉಳಿದರೆ ಕಂಪ್ಯೂಟರಿಗೆ ಕೇಬಲ್ ಹಾಕಿ, ಫೋನಿನಲ್ಲಿ 'ಫೈಲ್ ಟ್ರಾನ್ಸ್‌ಫರ್' ಒತ್ತು. ಬರೀ ಚಾರ್ಜಿಂಗ್‌ನಲ್ಲಿ ಬಿಟ್ಟರೆ ಏನೂ ಕಾಣಲ್ಲ. 'ಆಂಡ್ರಾಯ್ಡ್' ಫೋಲ್ಡರಿನ 'ಮೀಡಿಯಾ' ಒಳಗೆ ವಾಟ್ಸಾಪ್‌ನದು ಇದೆ, ಅದರಲ್ಲಿ 'ವಾಟ್ಸಾಪ್ ವಾಯ್ಸ್ ನೋಟ್ಸ್' ಹುಡುಕಿ ಪೂರ್ತಿ ಕಾಪಿ ಮಾಡು. ಫೈಲಿನ ಹೆಸರು ಪಿಟಿಟಿ, ತಾರೀಕು, ಒಂದು ನಂಬರ್, ಅಷ್ಟೇ. ಯಾರ ದನಿ ಅಂತ ಇರಲ್ಲ, ಒಂದೊಂದೇ ಕೇಳಿ ಬೇರೆ ಮಾಡಬೇಕು. ಬೇಜಾರಿನ ಕೆಲಸ, ಹೇಳೋಕೂ ಸಂಕೋಚ. ಇವೆಲ್ಲ 'ಓಪಸ್' ಅನ್ನೋ ಬಗೆಯ ಆಡಿಯೊ ಫೈಲು, ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ವಿಎಲ್‌ಸಿ ಅನ್ನೋ ಪ್ಲೇಯರ್ ಹಾಕಿಕೋ.

ತಾತನ ದನಿ ಎಲ್ಲೂ ಉಳೀಲಿಲ್ಲ ನೋಡು. ಟೇಪ್ ರೆಕಾರ್ಡರ್ ಮನೇಲೇ ಇತ್ತು, ಯಾರಿಗೂ ಹೊಳೀಲಿಲ್ಲ. ಹೋಗಲಿ ಬಿಡು.

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕಡೆ ಹೋದರೆ ಬಿಲ್ ಕೊಡೋ ಅಂಗಡಿಯಲ್ಲಿ 64 ಜಿಬಿ ಪೆನ್‌ಡ್ರೈವ್ ಎರಡು ತಗೋ. ಚಿಲ್ಲರೆ ಕಾಸಿಗೆ '2 ಟಿಬಿ' ಅಂತ ಮಾರೋದನ್ನ ಮುಟ್ಟಬೇಡ. ಒಳಗೆ ಅಷ್ಟು ಜಾಗ ಇರೋದೇ ಇಲ್ಲ. ಫೈಲಿನ ಹೆಸರು ಕಾಣುತ್ತೆ, ತೆರೆದರೆ ಖಾಲಿ. ಹಾಕಿದ ಮೇಲೆ ಪೆನ್‌ಡ್ರೈವ್ ಕಿತ್ತು, ಮತ್ತೆ ಚುಚ್ಚಿ, ನಾಲ್ಕಾರು ಕೇಳಿ ನೋಡು.

ಫೋನ್ ಕೆಟ್ಟರೆ ಅಂಗಡಿಯವರು ತೆಗೆದುಕೊಡ್ತಾರೆ ಅನ್ನೋ ನಂಬಿಕೆ ಬೇಡಮ್ಮ. ಈಗಿನ ಫೋನುಗಳ ಮೆಮೊರಿ ಎನ್‌ಕ್ರಿಪ್ಟ್ ಆಗಿರುತ್ತೆ, ಅಂದರೆ ಬೇರೆ ಕಡೆ ಓದೋಕಾಗದ ಹಾಗೆ ಬೀಗ ಹಾಕಿರುತ್ತೆ. ಬೋರ್ಡ್ ಸತ್ತರೆ ಚಿಪ್ ಕಿತ್ತರೂ ಪ್ರಯೋಜನವಿಲ್ಲ.

ನನ್ನನ್ನ ಕೇಳಿದರೆ ಆಂಡ್ರಾಯ್ಡಿನಲ್ಲೇ ಇರು, ಆ ವಾಯ್ಸ್ ನೋಟ್ಸ್ ಫೋಲ್ಡರ್ ಕೈಗೆ ಸಿಗುತ್ತೆ, ಐಫೋನಿನಲ್ಲಿ ಸಿಗಲ್ಲ. ಐಫೋನೇ ಬೇಕು ಅಂದರೆ ಅದೂ ತಪ್ಪಲ್ಲ. ಮೊದಲ ಸಲ ಆನ್ ಮಾಡಿದಾಗಲೇ ಹಳೇ ಫೋನಿಗೆ ಹಾಕಿಕೊಂಡ 'ಮೂವ್ ಟು ಐಒಎಸ್' ಆ್ಯಪಿನಿಂದ ದಾಟಿಸು, ಪಟ್ಟಿಯಲ್ಲಿ ವಾಟ್ಸಾಪ್ ಆರಿಸೋದು ಮರೀಬೇಡ. ಎರಡನ್ನೂ ಚಾರ್ಜಿಗೆ ಹಾಕಿರು, ನಂಬರ್ ಅದೇ ಇರಲಿ. ಯುಪಿಐ ಆ್ಯಪ್‌ಗಳನ್ನ ಸಿಮ್ ಹಾಕಿ ಹೊಸದಾಗಿ ನೋಂದಾಯಿಸಬೇಕು, ಅದು ದೊಡ್ಡ ಮಾತಲ್ಲ.

ದಾಟಿದ ಮೇಲೂ ಹಳೇ ಫೋನಿನ ವಾಟ್ಸಾಪ್ ಅಳಿಸಬೇಡ. ಒಂದು ಪೆನ್‌ಡ್ರೈವ್ ನನ್ನ ಹತ್ತಿರ ಇರಲಿ, ಮುಂದಿನ ಸಲ ಬರುವಾಗ ತಾ.

ಇಂತಿ,
ದೊಡ್ಡಪ್ಪ