ಹೆಸರಿಡದ ನಾಟಕಕ್ಕೆ 40 ದಿನದ ಅನ್ನ: ಒಂದು ದೇಣಿಗೆ ಮನವಿ

ಮಾನ್ಯರೇ,

ದೇಣಿಗೆ ಕೇಳಲು ಹೋದ ಮನೆಯಲ್ಲೆಲ್ಲ ಮೊದಲು ಎದುರಾಗುವುದು ಒಂದೇ ಪ್ರಶ್ನೆ. "ಯಾವ ನಾಟಕ? ಬರೆದವರು ಯಾರು?" ಹೆಸರು ಇನ್ನೂ ಇಟ್ಟಿಲ್ಲ, ಬರೆದವರು ಅಂತ ಒಬ್ಬರಿಲ್ಲ ಅಂದ ಕೂಡಲೇ ಕವಳದ ಬಟ್ಟಲು ನಮ್ಮ ಮುಂದೆ ಸರಿಯುತ್ತದೆ, ಮಾತು ಅಡಿಕೆ ದರಕ್ಕೆ ಹೊರಳುತ್ತದೆ. ಅದಕ್ಕೇ ಈ ಸಲ ಬರೆದೇ ತಿಳಿಸೋಣ ಎಂದು ಹೊರಟಿದ್ದೇವೆ.

ನಮ್ಮ ಟ್ರಸ್ಟಿನ ಹಳೆಯ ಅಕ್ಕಿ ಗಿರಣಿಯ ಶೆಡ್ಡಿನಲ್ಲಿ, ಕುಮಟಾದ ಹತ್ತಿರ, ಅಘನಾಶಿನಿ ಕಡಲು ಸೇರುವ ಕಡೆ, ಉತ್ತರ ಕನ್ನಡ ಜಿಲ್ಲೆಯ ಒಂಬತ್ತು ಹುಡುಗ ಹುಡುಗಿಯರು ಸೇರಿ ನಾಟಕ ಕಟ್ಟುತ್ತಿದ್ದಾರೆ. ಒಬ್ಬಳು ಚಿತ್ರಕಲೆ ಓದಿದವಳು. ಒಬ್ಬ ಬಡಗುತಿಟ್ಟಿನ ಯಕ್ಷಗಾನದ ಹೆಜ್ಜೆ ಕಲಿತು ಮೇಳಕ್ಕೆ ಹೋಗದೆ ಉಳಿದವನು. ಯಲ್ಲಾಪುರದ ಸಿದ್ದಿ ಹುಡುಗನ ಕೈಯಲ್ಲಿ ಅವರ ಡೋಲು ಡಮಾಮಿ ಇದೆ. ಮದುವೆ ಮನೆಗಳಿಗೆ ಮೈಕ್ ಸೆಟ್ ಹಾಕುತ್ತಿದ್ದ ಇನ್ನೊಬ್ಬ ಈಗ ರಾತ್ರಿಯೆಲ್ಲ ನದಿಯ ಸದ್ದು ಹಿಡಿಯುತ್ತ ಕೂರುತ್ತಾನೆ. ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಜೀವಿ ಆರಿಸಲು ಹೋಗುವ ತಾಯಿಯ ಮಗಳೊಬ್ಬಳಿದ್ದಾಳೆ. ಕೆಸರಿನಲ್ಲಿ ಕಾಲು ಹೂಳದಂತೆ ನಡೆಯುವುದನ್ನು ಉಳಿದ ಎಂಟು ಜನ ಕಲಿತದ್ದು ಅವಳಿಂದ.

ವಸ್ತು ಗಜನಿ. ಘಟ್ಟದ ಮೇಲಿನವರಿಗೆ ಎರಡು ಮಾತು ಹೇಳಬೇಕು. ಭರತದ, ಅಂದರೆ ಉಬ್ಬರದ, ಉಪ್ಪುನೀರು ನುಗ್ಗುವ ನದೀಮುಖದ ತಗ್ಗು ಗದ್ದೆಗೆ ಗಜನಿ ಎನ್ನುತ್ತಾರೆ. ಕಟ್ಟು ಹಾಕಿ, ಮಳೆನೀರಿನಲ್ಲಿ ಉಪ್ಪು ತೊಳೆದುಹೋದ ಮೇಲೆ ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪನ್ನೂ ನಿಂತ ನೀರನ್ನೂ ತಡೆದುಕೊಳ್ಳುವ ತಳಿ ಅದು. ಕೊಯ್ಲು ಮುಗಿದರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಕಟ್ಟು ಒಡೆದು, ಸಿಗಡಿ ಕೆರೆಗಳು ಬಂದು, ಕಗ್ಗ ಬೆಳೆಯುವ ಗಜನಿ ಈಗ ಕಡಿಮೆಯಾಗಿದೆ. ಈ ಕಥೆಯನ್ನು ಯಾರೋ ಒಬ್ಬರು ಬರೆದುಕೊಟ್ಟು ಇವರು ಬಾಯಿಪಾಠ ಮಾಡುವುದಲ್ಲ. ಮನೆಮನೆಗೆ ಹೋಗಿ ಕೇಳುತ್ತಾರೆ, ಕೇಳಿದ್ದನ್ನು ಮೈಯಲ್ಲಿ ಮಾಡಿ ನೋಡುತ್ತಾರೆ, ಜಗಳಾಡುತ್ತಾರೆ, ಮೂರು ದಿನದ ಕೆಲಸ ಕಿತ್ತುಹಾಕಿ ಮತ್ತೆ ಶುರುಮಾಡುತ್ತಾರೆ.

ಬರೆಯದೆ ನಾಟಕ ಹೇಗೆ ಎಂದು ಕೇಳುವವರು ತಾಳಮದ್ದಳೆ, ಅಂದರೆ ವೇಷ ಕುಣಿತಗಳಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿಯೇ ಬೆಳೆದವರು. ಭಾಗವತರು ಪದ್ಯ ಹೇಳಿ ನಿಲ್ಲಿಸಿದ ಮೇಲೆ ಅರ್ಥಧಾರಿ ಆಡುವ ಮಾತನ್ನು ಬರೆದುಕೊಟ್ಟವರು ಯಾರು? ಎದುರಾಳಿಯ ಮಾತು ಕೇಳಿಯೇ ತನ್ನ ಮಾತು ಹುಟ್ಟಬೇಕು. ಇಷ್ಟು ಸತ್ಯ: ಅಲ್ಲಿ ಆಧಾರಕ್ಕೆ ಪ್ರಸಂಗದ ಪದ್ಯವಾದರೂ ಇರುತ್ತದೆ, ಈ ಹುಡುಗರಿಗೆ ಅದೂ ಇಲ್ಲ. ಹಾಗಾಗಿ ಇವರಿಗೆ ದಿನಗಳು ಹೆಚ್ಚು ಬೇಕು.

ಕಳೆದ ಬೇಸಿಗೆಯಲ್ಲಿ ಅರ್ಧ ಗಂಟೆಯ ತುಣುಕೊಂದನ್ನು ಊರವರ ಮುಂದೆ ಇಟ್ಟೆವು. ಮುಚ್ಚುಮರೆ ಏಕೆ, ಅರ್ಧ ಜನ ನಡುವೆಯೇ ಎದ್ದುಹೋದರು. ಎಲ್ಲ ಮುಗಿದು ದೀಪ ಹಾಕಿದ ಮೇಲೆ ಮುಂದಿನ ಸಾಲಿನ ಅಜ್ಜ ಒಬ್ಬರು ಕೇಳಿದರು: "ನಾಟಕ ಯಾವಾಗ ಶುರು?" ಹುಡುಗರ ಮುಖ ನೋಡುವಂತಿರಲಿಲ್ಲ. ಆದರೆ ಅಜ್ಜ ಹೋಗಲಿಲ್ಲ. ಕಗ್ಗ ಕೊಯ್ಯುವ ಭಾಗವನ್ನು ಇನ್ನೊಮ್ಮೆ ಮಾಡಿಸಿದರು. "ಹಂಗಲ್ಲ ತಮಾ, ತೆನೆ ಮಾತ್ರ ಹಿಡೀಬೇಕು. ನೀ ಬುಡ ಕೊಯ್ತಾ ಇದ್ದೆ" ಎಂದು ಪಂಚೆ ಎತ್ತಿಕಟ್ಟಿ ತಾವೇ ಬಗ್ಗಿದರು, ಇಲ್ಲದ ನೀರಿನಲ್ಲಿ ಕಾಲೆಳೆದು ನಡೆದರು. ಈಗ ನಾಟಕದ ನಟ್ಟನಡುವೆ ಇರುವುದು ಅದೇ ನಡಿಗೆ. ಅಜ್ಜನ ಹೆಸರನ್ನು ನಟರ ಪಟ್ಟಿಯಲ್ಲಿ ಹಾಕಬೇಕೋ, 'ರಚನೆ' ಎಂಬಲ್ಲಿ ಹಾಕಬೇಕೋ ಎಂಬ ಜಗಳ ಇನ್ನೂ ಮುಗಿದಿಲ್ಲ.

ನದಿದಂಡೆಯಲ್ಲಿ ಆಡುವುದರಿಂದ ಪ್ರದರ್ಶನಕ್ಕೆ ಗೊತ್ತಾದ ಗಂಟೆಯಿಲ್ಲ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನಾಟಕವೂ ಅದರ ಹಿಂದೆಯೇ ಹೋಗಬೇಕು. ನೀರು ಇಳಿದಾಗ ಶುರು, ಕಾಲಿಗೆ ಮತ್ತೆ ನೀರು ತಾಗಿದಾಗ ಮುಗಿತಾಯ. ಮುಖ್ಯ ಅತಿಥಿಗಳ ಭಾಷಣಕ್ಕೆ ಸಮಯ ಉಳಿಯುವುದಿಲ್ಲ ಎಂಬುದು ಇದರ ಒಂದು ಲಾಭ.

ಇನ್ನು ದುಡ್ಡಿನ ಮಾತು. ನಮ್ಮ ಜಿಲ್ಲೆಯ ಜನರ ಕೈ ಬಿಗಿಯಲ್ಲ. ಯಕ್ಷಗಾನದ ಆಟ ಆಡಿಸುತ್ತಾರೆ, ಪರದೆ ಕೊಡಿಸುತ್ತಾರೆ, ಜಾತ್ರೆಯ ದಿನ ಸಾವಿರ ಎಲೆ ಹಾಕಿಸುತ್ತಾರೆ. ತಾಲೀಮಿಗೆ ಮಾತ್ರ ಯಾರೂ ಕೊಡುವುದಿಲ್ಲ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಇಂಥ ನಾಟಕದ ಖರ್ಚೆಲ್ಲ ಇರುವುದೇ ಅಲ್ಲಿ. 1883ರಲ್ಲಿ 22ರ ಹರೆಯದ ರವೀಂದ್ರನಾಥ ಟಾಗೋರರು ಕಾರವಾರಕ್ಕೆ ಬಂದು 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದರು ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ, ಅಲ್ಲಿನ ಕಡಲತೀರಕ್ಕೆ ಅವರ ಹೆಸರನ್ನೂ ಇಟ್ಟಿದ್ದೇವೆ. ಆಗ ಅವರು ಉಳಿದುಕೊಂಡದ್ದು ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ. ಅಣ್ಣ ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಊಟ ವಸತಿಯ ಚಿಂತೆ ತಮ್ಮನಿಗೆ ಇದ್ದಿರಲಾರದು. ನಮ್ಮ ಈ ಒಂಬತ್ತು ಜನರಿಗೆ ಜಡ್ಜ್ ಅಣ್ಣನಿಲ್ಲ. ನಾವು ಕೇಳುತ್ತಿರುವುದು ಆ ಅಣ್ಣನ ಪಾಲಿನ ಖರ್ಚು.

ಲೆಕ್ಕ ಹೀಗಿದೆ. ದೀಪಾವಳಿ ಕಳೆದ ವಾರದಿಂದ 40 ದಿನ ತಾಲೀಮು. ಅಡುಗೆಯ ಅಕ್ಕ ಮತ್ತು ಅವರ ಸಹಾಯಕಿ ಸೇರಿ ಹನ್ನೊಂದು ಜನರ ಊಟ ತಿಂಡಿಗೆ ದಿನಕ್ಕೆ 2,200 ರೂಪಾಯಿ. ಕಲಾವಿದರಿಗೆ ತಲಾ 500ರಂತೆ ದಿನದ ಭತ್ಯೆ 4,500. ಈ ಮೊತ್ತ ತೋಟದ ಕೂಲಿಗಿಂತಲೂ ಕಡಿಮೆ ಎಂದು ನಮಗೆ ಗೊತ್ತು, ಸದ್ಯಕ್ಕೆ ನಮ್ಮ ಕೈಲಾದದ್ದು ಇಷ್ಟು. ಅಂದರೆ ಒಂದು ದಿನಕ್ಕೆ 6,700, ಒಟ್ಟು 2,68,000. ಐದು ಪ್ರದರ್ಶನಗಳ ಟೆಂಪೊ, ಬೆಳಕು, ಬ್ಯಾಟರಿಗೆ 75,000. ಬಟ್ಟೆ, ಬಿದಿರು, ಧ್ವನಿಮುದ್ರಣದ ಸಾಮಾನಿಗೆ 30,000. ಎಲ್ಲ ಸೇರಿ 3,73,000 ರೂಪಾಯಿ. ಈವರೆಗೆ ಕೂಡಿದ್ದು 1,12,000. ಇನ್ನು ಬೇಕಾದದ್ದು 2,61,000.

ಇಡೀ ದಿನವೊಂದನ್ನು ನಿಮ್ಮದಾಗಿ ಮಾಡಿಕೊಳ್ಳಬಹುದು, ಬರೀ ಊಟವನ್ನಷ್ಟೇ ವಹಿಸಿಕೊಳ್ಳಬಹುದು, ನೂರು ರೂಪಾಯಿಯಾದರೂ ಸಂತೋಷ. ಎಲ್ಲಕ್ಕೂ ರಸೀದಿ ಇದೆ. ಎರಡು ಸಾವಿರಕ್ಕೂ ಮೇಲಿನ ಮೊತ್ತವನ್ನು ನಗದಾಗಿ ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅಂಥವರು ಚೆಕ್ ಅಥವಾ ಯುಪಿಐ ಮೂಲಕ ಕಳಿಸಿ. ದುಡ್ಡು ಕಷ್ಟವಾದರೆ ಅಕ್ಕಿ, ತೆಂಗಿನಕಾಯಿ, ಜೋನಿ ಬೆಲ್ಲ ಕೊಡಿ. ಹರಿದ ಬಲೆ, ನೀರಿಗಿಳಿಯದ ಹಳೇ ದೋಣಿ, ಅಡಿಕೆ ಹಾಳೆಯೂ ಬೇಕು. ನಾಟಕದ ಸಾಮಾನೆಲ್ಲ ಹೀಗೇ ಬಂದದ್ದು. ಹಳೇ ಬಟ್ಟೆ ಮಾತ್ರ ಸಾಕು, ಎರಡು ಕಪಾಟು ತುಂಬಿದೆ.

ನಾಟಕ ಚಲೋ ಆಗುತ್ತದೆ ಎಂದು ಮಾತು ಕೊಡಲಾರೆವು. 40 ದಿನವೂ ಕೆಲಸ ನಡೆಯುತ್ತದೆ, ಪೈಸೆ ಪೈಸೆಯ ಲೆಕ್ಕವನ್ನು ಶೆಡ್ಡಿನ ಬಾಗಿಲಿಗೆ ಅಂಟಿಸುತ್ತೇವೆ ಎಂಬುದಕ್ಕೆ ಮಾತು ಕೊಡುತ್ತೇವೆ. ದಾನಿಗಳ ಹೆಸರೂ ಅದೇ ಬಾಗಿಲ ಮೇಲಿರುತ್ತದೆ. ಶಾಲು, ಹಾರ, ಸ್ಮರಣಿಕೆ ಇಲ್ಲ, ಬೇಸರಿಸಬಾರದು.

ತಾಲೀಮು ನೋಡಲು ಯಾರು ಬೇಕಾದರೂ ಬರಬಹುದು. ಹೊರಡುವ ಮುಂಚೆ ಒಂದು ಫೋನ್ ಮಾಡಿ. ಭರತದ ಹೊತ್ತಿಗೆ ಬಂದರೆ ದಂಡೆಯ ಮೇಲೆ ತಾಲೀಮು ಇರುವುದಿಲ್ಲ, ಊಟ ಇರುತ್ತದೆ.

ಇತಿ,
ಟ್ರಸ್ಟಿನ ಪರವಾಗಿ, ಕಾರ್ಯದರ್ಶಿ