ಆಡಳಿತ ವೈದ್ಯಾಧಿಕಾರಿಯಾದ ಗೆಳೆಯನಿಗೊಂದು ಪತ್ರ

ಡಾಕ್ಟ್ರೇ,

ನಗಬೇಡ, ಇನ್ಮೇಲೆ ಹೀಗೇ ಕರೆಯುತ್ತೇನೆ. ಚಳ್ಳಕೆರೆ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಆಡಳಿತ ವೈದ್ಯಾಧಿಕಾರಿಯಾಗಿ ಬಂದೆ ಅಂತ ಖುಷಿಪಟ್ಟೆ. ಆದರೆ ನಿನ್ನ ಮೆಸೇಜ್‌ನಲ್ಲಿ ಖುಷಿಗಿಂತ ಸಿಟ್ಟೇ ಜಾಸ್ತಿ ಇತ್ತು. "ಯಾರೂ ಮಾತು ಕೇಳಲ್ಲ, ಎಲ್ಲರಿಗೂ ನೋಟಿಸ್ ಕೊಡಲಾ?" ಅಂತ ಕೇಳಿದ್ದೆ. ನಾನು ಹೆಲ್ತ್ ಇನ್ಸ್‌ಪೆಕ್ಟರ್. ನಿಮ್ಮಂಥ ಡಾಕ್ಟರುಗಳ ಸಭೆಯಲ್ಲಿ ಹಿಂದಿನ ಬೆಂಚಲ್ಲಿ ಕೂತು ಕೂತು ಸವೆದವನು. ಅಲ್ಲಿಂದ ಕಂಡದ್ದನ್ನು ಹೇಳುತ್ತೇನೆ.

ಮೊದಲು, ನಿನ್ನ ಕಟ್ಟಡದಲ್ಲಿ ಯಾರ ಸಂಬಳ ಎಲ್ಲಿಂದ ಬರುತ್ತೆ ಅಂತ ನೋಡು. ಫಾರ್ಮಸಿಸ್ಟ್ ಕಾಯಂ ನೌಕರ, ಸರ್ವೀಸಿನಲ್ಲಿ ನಿನಗಿಂತ ಹಿರಿಯ. ಸ್ಟಾಫ್ ನರ್ಸ್ ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಗುತ್ತಿಗೆಯವರು. ಕಸ ಗುಡಿಸುವವರು ಏಜೆನ್ಸಿ ಕಡೆಯವರು. ಹಳ್ಳಿ ಹಳ್ಳಿಯ ಆಶಾ ಕಾರ್ಯಕರ್ತೆಯರಿಗಂತೂ ಸಂಬಳವೇ ಇಲ್ಲ, ಗೌರವಧನ, ಪ್ರೋತ್ಸಾಹಧನ ಅಷ್ಟೇ. ಇವರಲ್ಲಿ ಒಬ್ಬರನ್ನೂ ನೀನು ನೇಮಿಸಿಲ್ಲ, ಒಬ್ಬರನ್ನೂ ತೆಗೆಯಲಾರೆ. ಹಾಗಿರುವಾಗ ಮಾತೆತ್ತಿದರೆ ನೋಟಿಸ್ ಅಂದರೆ, ನಾಲ್ಕನೆಯದಕ್ಕೆ ಅವರು ನಗುತ್ತಾರೆ.

ಹಾಗಂತ ನಿನ್ನ ಕೈ ಖಾಲಿ ಅಂದ್ಕೋಬೇಡ. ಸಹಿ ಇದೆ. ಲೆಕ್ಕದ ಪ್ರಕಾರ 30,000 ಜನಕ್ಕೊಂದು ಪಿಎಚ್‌ಸಿ, ಸಾವಿರ ಜನಕ್ಕೊಬ್ಬ ಆಶಾ. ಅಂದರೆ ಸುಮಾರು ಮೂವತ್ತು ಆಶಾಗಳ ಮನೆಯ ದುಡ್ಡು ನಿನ್ನ ಕೇಂದ್ರದ ಕಾಗದ ದಾಟಿ ಹೋಗಬೇಕು. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತದ್ದು ಸುಮ್ನೆ ಅಲ್ಲ. ಯಾವ ತಿಂಗಳ ಕ್ಲೇಮನ್ನೂ ನಿನ್ನ ಟೇಬಲ್ ಮೇಲೆ ಕೊಳೆಯಲು ಬಿಡಬೇಡ. ಇದನ್ನು ಯಾವ ಟ್ರೈನಿಂಗಿನಲ್ಲೂ ನಾಯಕತ್ವ ಅಂತ ಹೇಳಿಕೊಡುವುದಿಲ್ಲ. ನಾನು ಕಂಡ ಒಳ್ಳೆಯ ಡಾಕ್ಟರುಗಳೆಲ್ಲ ಇದರಲ್ಲಿ ಕಟ್ಟುನಿಟ್ಟು.

ಎರಡನೆಯದು ತಿಂಗಳ ಸಭೆ. ನಮ್ಮಲ್ಲಿ ಸಭೆ ಅಂದರೆ ಡಾಕ್ಟರ್ ಅಂಕಿಅಂಶ ಓದುವುದು, ಗುರಿ ಮುಟ್ಟದವರನ್ನು ಎಲ್ಲರೆದುರು ನಿಲ್ಲಿಸಿ ಬೈಯುವುದು. ಕೊನೆಗೆ ಟೀ. ನೀನು ಮೊದಲ ಮಾತನ್ನು ಆಶಾಗಳಿಗೆ ಬಿಡು. ನಿನ್ನ ಭಾಗದಲ್ಲಿ ಗೊಲ್ಲರಹಟ್ಟಿಗಳಿವೆ, ಗೊಲ್ಲ ಸಮುದಾಯದವರ ಊರುಗಳು. ಬಾಣಂತಿ, ಮಗುವನ್ನು ಊರಾಚೆ ಗುಡಿಸಲಲ್ಲಿ ಇರಿಸುವ ಪದ್ಧತಿ ಕೆಲವು ಕಡೆ ಇನ್ನೂ ಉಳಿದಿದೆ. ಜೀಪಿನಿಂದ ಇಳಿದು ಕಾನೂನು ಓದಿದರೆ ಜನ ತಲೆಯಾಡಿಸಿ ಕಳಿಸುತ್ತಾರೆ, ಮಗು ಗುಡಿಸಲಲ್ಲೇ ಇರುತ್ತೆ. ಯಾವ ಮನೆಯಲ್ಲಿ ಅಜ್ಜಿಯ ಮಾತು ನಡೆಯುತ್ತೆ, ಯಾರು ಅರ್ಧ ಮನಸ್ಸು ಮಾಡಿದ್ದಾರೆ ಅನ್ನುವುದು ಆ ಹಟ್ಟಿಯದೇ ಆಶಾಗೆ ಗೊತ್ತು. ಅಲ್ಲಿ ಅವಳು ಮುಂದೆ, ನೀನು ಹಿಂದೆ. ಅವಳು ಕರೆದಾಗ ಹೋಗು, ಅವಳು ಹೇಳಿದಷ್ಟು ಮಾತಾಡು. ಸರ್ಟಿಫಿಕೇಟ್ ಇರುವವನಿಗೆ ಇದು ಕಷ್ಟ, ಗೊತ್ತು ಕಣೋ.

ಎಲ್ಲಕ್ಕಿಂತ ದೊಡ್ಡದು ಹೆರಿಗೆ ಕೋಣೆ. 2009ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಆಪರೇಷನ್ ಚೆಕ್‌ಲಿಸ್ಟ್ ಅಧ್ಯಯನ ನೀನೂ ಓದಿರುತ್ತೀಯ. ದೆಹಲಿಯದೂ ಸೇರಿ ಎಂಟು ಆಸ್ಪತ್ರೆ. 19 ಅಂಶಗಳ ಪಟ್ಟಿ ಬಳಸಿದ ಮೇಲೆ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ಆ ಪಟ್ಟಿಯಲ್ಲಿ ನನಗೆ ಹಿಡಿಸಿದ್ದು ಒಂದೇ ಸಾಲು: ಕತ್ತರಿ ಹಾಕುವ ಮುಂಚೆ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು. ಒಂದು ಸಲ ಬಾಯಿ ತೆರೆದವರಿಗೆ ಆಮೇಲೆ "ಸರ್, ಒಂದು ನಿಮಿಷ" ಅನ್ನುವುದು ಸುಲಭ.

ನಿನ್ನಲ್ಲಿ ಆಪರೇಷನ್ ಇಲ್ಲ, ಸರಿ. ಆದರೆ ರಾತ್ರಿ ಎರಡಕ್ಕೆ ಹೆರಿಗೆಯಾಗಿ ರಕ್ತ ನಿಲ್ಲದಿದ್ದರೆ ಎರಡು ಗಂಟೆಯೊಳಗೇ ಜೀವ ಹೋಗಬಹುದು. ಚಳ್ಳಕೆರೆಯಲ್ಲಿ ಆಗದಿದ್ದರೆ ದುರ್ಗ, ಅಲ್ಲೂ ಆಗದಿದ್ದರೆ ದಾವಣಗೆರೆ. ಆ ಹೊತ್ತಲ್ಲಿ ಸಿಸ್ಟರ್ "ಸಾಹೇಬ್ರು ಬೈತಾರೇನೋ, ಇನ್ನೊಂದ್ ಹತ್ತು ನಿಮಿಷ ನೋಡೋಣ" ಅಂದರೆ ಅದು ಸಿಸ್ಟರ್ ತಪ್ಪಲ್ಲ, ನಿನ್ನದು. ಮೊದಲ ದಿನವೇ ಎಲ್ಲರೆದುರು ಹೇಳು: 108ಕ್ಕೆ ಕರೆ ಮಾಡಲು ನನ್ನ ಅನುಮತಿ ಬೇಡ, ನನ್ನನ್ನು ಎಬ್ಬಿಸಿದವರಿಗೆ, ಬೇಗ ಕಳಿಸಿದವರಿಗೆ ಬೈಗುಳ ಇಲ್ಲ. ಆಮೇಲೆ ಸುಮ್ಮನೆ ಎಬ್ಬಿಸಿದ ದಿನವೂ ಮುಖ ಗಂಟಿಕ್ಕಬೇಡ. ಅವರು ನಿನ್ನ ಮಾತನ್ನು ಅಳೆಯುವುದು ಅವತ್ತೇ.

ನೋಟಿಸ್ ಬೇಡವೇ ಬೇಡ ಅಂತಲ್ಲ. ಗಂಡು ಮಗು ಹುಟ್ಟಿತು ಅಂತ ದುಡ್ಡು ಕೇಳಿದವರಿಗೆ, ನೋವು ತಿನ್ನುವವಳನ್ನು ಒಂಟಿ ಬಿಟ್ಟು ಹೋದವರಿಗೆ ಬರಹದಲ್ಲೇ ಕೊಡು, ಅವತ್ತೇ ಕೊಡು. ಅಲ್ಲಿ ದಾಕ್ಷಿಣ್ಯ ತೋರಿದರೆ ನಿಯತ್ತಾಗಿ ಕೆಲಸ ಮಾಡುವವರಿಗೆ ಅನ್ಯಾಯ. ಹತ್ತು ನಿಮಿಷ ತಡವಾಗಿ ಬರುವ ಲ್ಯಾಬ್‌ನವರನ್ನು ಮೊದಲು ಒಳಗೆ ಕರೆದು, ಯಾವ ಬಸ್ಸಿಗೆ ಬರ್ತೀರಿ ಅಂತ ಕೇಳು. ನಿಮ್ಮ ರೂಟಿನ ಬಸ್ಸು ನಿನಗೇ ಗೊತ್ತಲ್ಲ.

ಇನ್ನೊಂದು. ರಜೆ ತಗೋ. ನೀನಿಲ್ಲದ ದಿನ ಯಾರನ್ನು ಕೇಳಬೇಕು ಅಂತ ಹೆಸರು ಬೋರ್ಡಿನ ಮೇಲೆ ಬರೆಸಿಟ್ಟು ಹೊರಡು, ಗಂಟೆಗೊಮ್ಮೆ ಫೋನ್ ಮಾಡಿ ಅವರ ತಲೆ ತಿನ್ನಬೇಡ. ದುರ್ಗಕ್ಕೆ ಬಂದರೆ ಮನೆಗೇ ಬಾ. ಶೇಂಗಾ ಹೊತ್ತು ತರಬೇಡ, ಹೋದ ಸಲದ್ದೇ ಇನ್ನೂ ಅರ್ಧ ಮೂಟೆ ಇದೆ.

ನಿನ್ನ,
ಹಿಂದಿನ ಬೆಂಚಿನವ
ಚಿತ್ರದುರ್ಗ