ಸುಟ್ಟ ಮನೆಗೆ ಪೊರಕೆ ಹಿಡಿಯುವ ಮುನ್ನ

ಮಾನ್ಯರೇ,

ಬೆಂಕಿ ಆರಿದ ಮರುದಿನವೇ ಮಕ್ಕಳಾದಿಯಾಗಿ ಎಲ್ಲರೂ ಪೊರಕೆ ಹಿಡಿದು ಒಳಗೆ ಹೋಗುವುದು ನಮ್ಮ ಮಂಡ್ಯ ಸೀಮೆಯಲ್ಲಿ ವಾಡಿಕೆ. ದಯವಿಟ್ಟು ಆ ಅವಸರ ಬೇಡ. ಹೆಂಚಿನ ಮನೆಯ ತೊಲೆ ನೆಟ್ಟಗೆ ಕಂಡರೂ ಗೋಡೆಯೊಳಗೆ ಸೇರಿದ ತುದಿ ಇದ್ದಿಲಾಗಿರಬಹುದು. ನೀರು ಕುಡಿದ ಮಣ್ಣಿನ ಗೋಡೆ ಎರಡು ದಿನ ಬಿಟ್ಟೂ ಕುಸಿಯಬಹುದು. ಮೇನ್ ಸ್ವಿಚ್ ಆರಿಸಿದರೆ ಸಾಲದು, ಕಂಬದಿಂದ ಬರುವ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್ ಕರೆಸಿ ಕಂಬದಲ್ಲೇ ಸಂಪರ್ಕ ತೆಗೆಸಿ.

ಬೂದಿಯನ್ನು ಒಣದಾಗಿ ಗುಡಿಸಬೇಡಿ. ನೀರು ಚಿಮುಕಿಸಿ, ಸಲಿಕೆಯಲ್ಲಿ ಎತ್ತಿ. ಮೂಗಿಗೆ ಸುತ್ತಿದ ಟವೆಲ್ಲು ಆ ನಯವಾದ ಮಸಿಯನ್ನು ತಡೆಯದು. ಎನ್‌95 ಮಾಸ್ಕೇ ಬೇಕು. ಗೋಡೆಯದು ಇದಕ್ಕೆ ತದ್ವಿರುದ್ಧ: ಮೊದಲೇ ನೀರು ಸೋಕಿಸಿದರೆ ಜಿಡ್ಡಿನ ಮಸಿ ಗಾರೆಯೊಳಗೆ ಇಳಿದು, ಬಣ್ಣ ಹೊಡೆದ ಮೇಲೂ ಕಂದು ಕಲೆಯಾಗಿ ಮೂಡುತ್ತದೆ. ಒಣ ಸ್ಪಂಜಿನಿಂದ ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿನಲ್ಲಿ ಒರೆಸಿ. ಬ್ಲೀಚಿಂಗ್ ಪುಡಿ ಹಾಕಿದಲ್ಲಿ ಟಾಯ್ಲೆಟ್ ಆ್ಯಸಿಡ್ ಸುರಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ.

ಹೊಗೆ ಕುಡಿದ ರಾಗಿ, ಅಕ್ಕಿ ಮೂಟೆ ಬಿಸಾಡಲು ಮನಸ್ಸು ಒಪ್ಪದು, ನಿಜ. ಆದರೂ ಅದನ್ನು ಬೇಯಿಸಬೇಡಿ, ಶಾಖಕ್ಕೆ ಸಿಕ್ಕ ಮಾತ್ರೆಗಳನ್ನೂ ನುಂಗಬೇಡಿ. ಗ್ಯಾಸ್ ವಾಸನೆ ಬಂದರೆ ಹೊರಬಂದು 1906ಕ್ಕೆ ಕರೆ ಮಾಡಿ.

– ಕಟ್ಟಡ ದುರಸ್ತಿ ಕೆಲಸಗಾರರು, ಮಂಡ್ಯ